ಥೋರೋ ಲೆಕ್ಕ ತೋರಿಸಿದ್ದ, ನೀವೂ ತೋರಿಸಿ



ಈ ಸಲದ ಬರಹ ಸ್ವಲ್ಪ ಉದ್ದ. ಡೈರಿಗೆ ಹಾಲು ಹಾಕಿ ಬಂದು, ಕೈಕಾಲು ತೊಳೆದುಕೊಂಡು ನಿಧಾನಕ್ಕೆ ಓದಿ. ರೋಗ, ಗೊಬ್ಬರ, ಮಾರ್ಕೆಟ್ ರೇಟು ಇದರಲ್ಲಿಲ್ಲ. ನಮ್ಮ ತಲೆಗೆ ಈಚೆಗೆ ಬಹಳ ತುಂಬ್ತಾ ಇರೋ ಒಂದು ಮಾತಿನ ವಿಷಯ ಇದೆ.

"ರೈತ ಯಾರನ್ನೂ ನೆಚ್ಚಬಾರದು. ಭೂಮಿತಾಯಿ ಇದ್ದಾಳೆ, ಎರಡು ಕೈ ಇದೆ, ಇನ್ನೇನು ಬೇಕು? ಸಾಲ ಯಾಕೆ, ಸಂಘ ಯಾಕೆ, ಬೆಲೆ ಕೊಡಿ ಅಂತ ರಸ್ತೆಗೆ ಇಳಿಯೋದು ಯಾಕೆ? ಸ್ವಾವಲಂಬಿ ಆಗಿ." ಈ ಧಾಟಿಯ ಭಾಷಣ ನೀವೂ ಕೇಳಿದ್ದೀರಿ. ವಾಟ್ಸಾಪಿನಲ್ಲಿ ಇನ್ನೂ ಜಾಸ್ತಿ. ಕೊಳದ ದಡದಲ್ಲಿ ಒಂದು ಮರದ ಮನೆ, ಪಕ್ಕದಲ್ಲಿ ಗಡ್ಡದ ಮನುಷ್ಯನ ಫೋಟೋ, ಕೆಳಗೆ ಹೆನ್ರಿ ಡೇವಿಡ್ ಥೋರೋ ಅಂತ ಹೆಸರು. ಕಾಡಿಗೆ ಹೋದ, ಒಬ್ಬನೇ ಬದುಕಿದ, ತಾನೇ ಬೆಳೆದು ತಿಂದ, ನಿಮಗೇನು ಕಷ್ಟ ಅಂತ ಉಪದೇಶ. ಭಾಷಣಕಾರರು ಸ್ವಲ್ಪ ಓದಿದವರಾದರೆ ಥೋರೋನ ಹಿರಿಯ ಗೆಳೆಯ ಎಮರ್ಸನ್ ಹೆಸರೂ ಬರುತ್ತೆ.

ನಾನು ಹೇಳೋದು ಇಷ್ಟು. ಆ ಇಬ್ಬರು ಹೇಳಿದ ಸ್ವಾವಲಂಬನೆ ಬೇರೆ, ಇವರು ನಮಗೆ ಮಾರ್ತಾ ಇರೋ ಸ್ವಾವಲಂಬನೆ ಬೇರೆ. ಥೋರೋ ತನ್ನ ಹೊಲದ ಲೆಕ್ಕವನ್ನ ಅರ್ಧ ಸೆಂಟೂ ಬಿಡದೆ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾನೆ. ಆ ಲೆಕ್ಕ ನೋಡಿದ ಯಾವ ರೈತನೂ ಈ ಭಾಷಣಕ್ಕೆ ತಲೆ ಆಡಿಸಲ್ಲ.

ಮೊದಲು ಎಮರ್ಸನ್ ವಿಷಯ.

ರಾಲ್ಫ್ ವಾಲ್ಡೊ ಎಮರ್ಸನ್ ಹುಟ್ಟಿದ್ದು 1803ರಲ್ಲಿ, ಅಮೆರಿಕದ ಬಾಸ್ಟನ್ ಊರಲ್ಲಿ. ಚರ್ಚಿನಲ್ಲಿ ಪಾದ್ರಿ ಆಗಿದ್ದ. ಅಲ್ಲಿನ ಒಂದು ವಿಧಿಯನ್ನ ಮನಸ್ಸಿಲ್ಲದೆ ನಡೆಸಲಾರೆ ಅಂತ 1832ರಲ್ಲಿ ಕೆಲಸ ಬಿಟ್ಟ. ಆಮೇಲೆ ಕಾಂಕರ್ಡ್ ಅನ್ನೋ ಸಣ್ಣ ಊರಿಗೆ ಬಂದು ನೆಲೆಸಿದ. 1836ರಲ್ಲಿ 'ನೇಚರ್' ಅಂತ ಒಂದು ಸಣ್ಣ ಪುಸ್ತಕ ತಂದ, ಅದರ ಮೇಲೆ ತನ್ನ ಹೆಸರೂ ಹಾಕಲಿಲ್ಲ. ಅವನ ಸುತ್ತ ಸೇರಿದ ಗುಂಪಿನ ವಿಚಾರಕ್ಕೆ ಟ್ರಾನ್ಸೆಂಡೆಂಟಲಿಸಂ ಅಂತ ಹೆಸರು ಬಿತ್ತು. ಕನ್ನಡದಲ್ಲಿ ಅತೀಂದ್ರಿಯವಾದ ಅಂತ ಬರೆಯೋರಿದ್ದಾರೆ. ಹೆಸರು ದೊಡ್ಡದು, ಒಳಗಿನ ಮಾತು ಸರಳ. ದೇವರಿಗೂ ಮನುಷ್ಯನಿಗೂ ಮಧ್ಯೆ ದಲ್ಲಾಳಿ ಬೇಡ. ಸತ್ಯ ತಿಳಿಯೋ ಶಕ್ತಿ ಪ್ರತಿಯೊಬ್ಬನ ಒಳಗೂ ಇದೆ. ಅದನ್ನ ಎಚ್ಚರಿಸೋಕೆ ಹೊರಗಿನ ಮರ, ನೀರು, ಆಕಾಶಕ್ಕಿಂತ ಒಳ್ಳೆ ಗುರು ಇಲ್ಲ.

1841ರಲ್ಲಿ ಅವನ 'ಸೆಲ್ಫ್ ರಿಲಯನ್ಸ್' ಪ್ರಬಂಧ ಬಂತು. ನಮ್ಮ ಭಾಷಣಕಾರರು ಎಳೆದು ತರೋದು ಇದನ್ನೇ. ಇದರಲ್ಲಿ ಎಮರ್ಸನ್ ಜಗಳ ಆಡೋದು ಯಾರ ಜೊತೆ ಅಂತ ನೋಡಿ. ಎಲ್ಲರೂ ಹೇಳ್ತಾರೆ ಅಂತ ತಾನೂ ಹೇಳೋನ ಜೊತೆ, ನಾಲ್ಕು ಜನ ಏನಂತಾರೋ ಅಂತ ಬಾಯಿ ಮುಚ್ಚಿಕೊಳ್ಳೋನ ಜೊತೆ, ನಿನ್ನೆ ಹೀಗಂದಿದ್ದೆ ಅನ್ನೋ ಒಂದೇ ಕಾರಣಕ್ಕೆ ಇವತ್ತೂ ಅದಕ್ಕೇ ಜೋತುಬೀಳೋನ ಜೊತೆ. ಅವನು ನೆಚ್ಚು ಅಂದದ್ದು ನಿನ್ನ ಬುದ್ಧಿಯನ್ನ, ನಿನ್ನ ಕಣ್ಣನ್ನ. ಪಕ್ಕದ ಹೊಲದವನ ಹತ್ತಿರ ನೇಗಿಲು ಕೇಳಬೇಡ, ಬ್ಯಾಂಕಿಗೆ ಹೋಗಬೇಡ ಅನ್ನೋ ಉಪದೇಶ ಅದರಲ್ಲಿಲ್ಲ.

ಎಮರ್ಸನ್ನನ್ನೂ ಪೂರ್ತಿ ಬಿಡೋ ಹಾಗಿಲ್ಲ. ಅದೇ ಪ್ರಬಂಧದಲ್ಲಿ, ಕಂಡ ಕಂಡ ಬಡವರಿಗೆಲ್ಲ ನಾನು ಯಾಕೆ ಕೊಡಬೇಕು, ಅವರೇನು ನನ್ನವರಾ ಅನ್ನೋ ಒರಟು ಮಾತೂ ಇದೆ. ಈ ಮಾತು ಆಡೋವಾಗ ಅವನ ಕೆಳಗೆ ಗಟ್ಟಿ ನೆಲ ಇತ್ತು. ಮೊದಲ ಹೆಂಡತಿ ಎಲೆನ್ 1831ರಲ್ಲಿ ತೀರಿಕೊಂಡ ಮೇಲೆ ಅವಳ ಆಸ್ತಿಯಿಂದ ಅವನಿಗೆ ವರ್ಷಕ್ಕೆ ಸುಮಾರು 1,200 ಡಾಲರ್ ವರಮಾನ ಬರ್ತಿತ್ತು. ಆಗಿನ ಕೂಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಡಾಲರ್. ಬುದ್ಧಿಯಲ್ಲಿ ಸ್ವತಂತ್ರ ಅನ್ನೋದು ದೊಡ್ಡ ಮಾತೇ. ಆದ್ರೆ ನಾಳೆ ಒಲೆ ಉರಿಯುತ್ತೆ ಅಂತ ಗೊತ್ತಿರೋನಿಗೆ ಆ ಸ್ವಾತಂತ್ರ್ಯ ಸ್ವಲ್ಪ ಸಲೀಸು.

ಈಗ ಆ ಮರದ ಮನೆಗೆ ಬರೋಣ.

ಥೋರೋ ಹುಟ್ಟಿದ್ದು 1817ರಲ್ಲಿ, ಕಾಂಕರ್ಡ್ ಊರಲ್ಲೇ. ಹಾರ್ವರ್ಡ್‌ನಲ್ಲಿ ಓದಿದವನು. ಮನೆಯಲ್ಲಿ ಪೆನ್ಸಿಲ್ ತಯಾರಿಸೋ ಕಸುಬು. ವಾಲ್ಡನ್ ಅನ್ನೋ ಕೊಳದ ದಡದಲ್ಲಿ 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ ಇದ್ದ. 1854ರಲ್ಲಿ 'ವಾಲ್ಡನ್' ಪುಸ್ತಕ ಬಂತು. ಎಷ್ಟು ಒಂಟಿಯಾಗಿದ್ದ ಅಂತ ಅದೇ ಪುಸ್ತಕ ಓದಿದ್ರೆ ಗೊತ್ತಾಗುತ್ತೆ.

ಜಾಗ ಎಮರ್ಸನ್‌ದು. 1844ರಲ್ಲಿ ಕೊಂಡಿದ್ದ, ಥೋರೋ ಅದರಲ್ಲಿ ಮನೆ ಕಟ್ಟಿಕೊಂಡ. ಮರ ಕಡಿಯೋಕೆ ಹೋದದ್ದು ಕೈಗಡ ತಂದ ಕೊಡಲಿ ಹಿಡಿದು. ತಂದದ್ದಕ್ಕಿಂತ ಹರಿತ ಮಾಡಿ ವಾಪಸ್ ಕೊಟ್ಟೆ ಅಂತಾನೆ, ಆ ಮಟ್ಟಿಗೆ ಒಳ್ಳೆ ನೆರೆಯವನು. ಹಲಗೆ ಬಂದದ್ದು ಜೇಮ್ಸ್ ಕಾಲಿನ್ಸ್ ಅನ್ನೋ ಐರಿಷ್ ರೈಲ್ವೆ ಕೂಲಿಯ ಗುಡಿಸಲಿಂದ. 4 ಡಾಲರ್ 25 ಸೆಂಟಿಗೆ ಆ ಗುಡಿಸಲನ್ನ ಕೊಂಡ. ಆ ಸಂಸಾರ ಇದ್ದಬದ್ದ ಸಾಮಾನನ್ನ ಒಂದು ಗಂಟು ಕಟ್ಟಿಕೊಂಡು ಮಾರನೇ ಬೆಳಿಗ್ಗೆ ಹೊರಟಿತು, ಇವನು ಮೊಳೆ ಕಿತ್ತು ಹಲಗೆ ಸಾಗಿಸಿದ. ಇವನ ಮನೆ 28 ಡಾಲರ್ 12½ ಸೆಂಟಿಗೆ ಆಯ್ತು ಅಂತ ಮೆಚ್ಚಿಕೊಳ್ಳೋರು ಆ ಗಂಟನ್ನೂ ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು.

ಮನೆಯ ಚೌಕಟ್ಟು ಎತ್ತಿ ನಿಲ್ಲಿಸೋ ದಿನ ಗೆಳೆಯರು ಬಂದು ಕೈ ಹಾಕಿದರು. ಅವರ ಸಹಾಯ ಬೇಕೇ ಬೇಕಿತ್ತು ಅಂತಲ್ಲ, ನೆರೆಹೊರೆತನಕ್ಕೆ ಒಳ್ಳೆ ಸಂದರ್ಭ ಅಂತ ಕರೆದೆ ಅನ್ನೋ ಅರ್ಥದಲ್ಲಿ ಬರೀತಾನೆ. ನಮ್ಮ ಕಡೆ ಇದಕ್ಕೆ ಮುಯ್ಯಾಳು ಅಂತ ಹೆಸರಿದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಸ್ವಾವಲಂಬನೆಯ ತವರುಮನೆ ಅಂತ ಫೋಟೋದಲ್ಲಿ ಬರೋ ಆ ಮನೆ ಎದ್ದು ನಿಂತದ್ದು ಮುಯ್ಯಾಳಿನ ಮೇಲೆ.

ಅಲ್ಲಿಂದ ಊರು ಸುಮಾರು ಒಂದೂವರೆ ಮೈಲಿ. ಕೊಳದ ಪಕ್ಕದಲ್ಲೇ ರೈಲು ಹೋಗ್ತಿತ್ತು. ದಿನ ಬಿಟ್ಟು ದಿನವೋ ದಿನಾನೋ ಊರಿಗೆ ಹೋಗಿ ಸುದ್ದಿ ಕೇಳಿಕೊಂಡು ಬರ್ತಿದ್ದೆ ಅಂತ ಅವನೇ ಬರೆದಿದ್ದಾನೆ. ಇದನ್ನ ಕಾಡು ಅಂದ್ರೆ ನಮ್ಮ ತೋಟದ ಮನೆಗಳೆಲ್ಲ ದಂಡಕಾರಣ್ಯ.

ಈಗ ಹೊಲದ ಲೆಕ್ಕ. ಪೆನ್ನು ಹಿಡಿದು ಕೂತುಕೊಳ್ಳಿ.

ಸುಮಾರು ಎರಡೂವರೆ ಎಕರೆ ಮರಳು ಮಿಶ್ರಿತ ಹಗುರ ಭೂಮಿ. ಹೆಚ್ಚಿನ ಭಾಗ ಬಿಳಿ ಬೀನ್ಸ್, ಅಂದ್ರೆ ಒಣಗಿಸಿ ಕಾಳು ಮಾಡೋ ಜಾತಿ. ಉಳಿದದ್ದರಲ್ಲಿ ಆಲೂಗೆಡ್ಡೆ, ಜೋಳ, ಬಟಾಣಿ, ಟರ್ನಿಪ್. ಗೊಬ್ಬರ ಒಂದು ಬುಟ್ಟಿಯೂ ಹಾಕಲಿಲ್ಲ. ಯಾಕೆ? ಜಾಗ ತನ್ನದಲ್ಲ, ಮುಂದೆ ಇಷ್ಟು ಜಾಗದಲ್ಲಿ ಬೆಳೆಯೋ ಯೋಚನೆಯೂ ಇಲ್ಲ ಅಂತ. ಗುತ್ತಿಗೆ ಜಮೀನು ಮಾಡೋರಿಗೆ ಈ ಮಾತಿನ ಸತ್ಯ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರ ಹಾಕದ್ದನ್ನ ಇವತ್ತು ಪ್ರಕೃತಿ ಪ್ರೇಮ ಅಂತ ಕೊಂಡಾಡ್ತಾರೆ. ಅವನು ಕೊಟ್ಟ ಕಾರಣ ಪಕ್ಕಾ ಗೇಣಿದಾರನ ಕಾರಣ.

ಖರ್ಚು ಹೀಗಿದೆ. ಉಳುಮೆ, ಕುಂಟೆ, ಸಾಲು ತೆಗೆಸಿದ್ದಕ್ಕೆ 7 ಡಾಲರ್ 50 ಸೆಂಟ್. ಇದು ಜಾಸ್ತಿ ಆಯ್ತು ಅಂತ ಪಕ್ಕದಲ್ಲೇ ಗೊಣಗಿದ್ದಾನೆ. ಬೀನ್ಸ್ ಬೀಜಕ್ಕೆ 3 ಡಾಲರ್ 12½ ಸೆಂಟ್. ಬಿತ್ತನೆ ಆಲೂಗೆಡ್ಡೆಗೆ 1 ಡಾಲರ್ 33. ಬಟಾಣಿ 40 ಸೆಂಟ್, ಟರ್ನಿಪ್ 6 ಸೆಂಟ್. ಕಳೆ ತೆಗೆಯೋ ಗುದ್ದಲಿಗೆ 54 ಸೆಂಟ್. ಕಾಗೆ ಬರದಂತೆ ಕಟ್ಟೋ ಬಿಳಿ ದಾರಕ್ಕೆ 2 ಸೆಂಟ್. ಕುದುರೆ ಕುಂಟೆ ಮತ್ತು ಒಬ್ಬ ಹುಡುಗನಿಗೆ ಮೂರು ತಾಸಿಗೆ 1 ಡಾಲರ್. ಬೆಳೆ ಸಾಗಿಸೋಕೆ ಕುದುರೆ ಗಾಡಿಗೆ 75 ಸೆಂಟ್. ಒಟ್ಟು 14 ಡಾಲರ್ 72½ ಸೆಂಟ್.

ಅರ್ಧಕ್ಕಿಂತ ಜಾಸ್ತಿ ದುಡ್ಡು ಉಳುಮೆಗೇ ಹೋಯ್ತು. ಕುಂಟೆ, ಗಾಡಿ ಸೇರಿಸಿದ್ರೆ ಬಾಡಿಗೆಯೇ 9 ಡಾಲರ್ 25 ಸೆಂಟ್. ನಾವು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ನಿಟ್ಟುಸಿರು ಬಿಡ್ತೀವಲ್ಲ, ಈ ಸ್ವಾವಲಂಬಿಯೂ ಆ ನಿಟ್ಟುಸಿರು ಬಿಟ್ಟವನೇ.

ಬೆಳೆದದ್ದು ಹನ್ನೆರಡು ಬುಷೆಲ್ ಬೀನ್ಸ್. ಕಾಳಿನ ತೂಕದಲ್ಲಿ ಹೇಳೋದಾದ್ರೆ ಮೂರು ಕ್ವಿಂಟಾಲ್ ಮೇಲೆ ಸ್ವಲ್ಪ. ಆಲೂಗೆಡ್ಡೆ ಹದಿನೆಂಟು ಬುಷೆಲ್. ಜೋಳ, ಟರ್ನಿಪ್ ತಡವಾಗಿ ಹಾಕಿದ್ದರಿಂದ ಕೈಗೆ ಹತ್ತಲಿಲ್ಲ. ರಸ್ತೆಯಲ್ಲಿ ಹೋಗೋ ರೈತರು ಗಾಡಿ ನಿಲ್ಲಿಸಿ, ಈಗ ಬೀನ್ಸಾ, ಇಷ್ಟು ತಡವಾಗಿ ಬಟಾಣೀನಾ ಅಂತ ಮಾತಾಡಿಕೊಂಡು ಹೋಗ್ತಿದ್ದರು. ಕಾಲು ಎಕರೆಯನ್ನ ವುಡ್‌ಚಕ್ ಅನ್ನೋ ಬಿಲದ ಪ್ರಾಣಿ ಮೇದು ಮುಗಿಸಿತು. ಎಲ್ಲಾ ಮಾರಿ ಬಂದದ್ದು 23 ಡಾಲರ್ 44 ಸೆಂಟ್. ಖರ್ಚು ಕಳೆದು ಉಳಿದದ್ದು 8 ಡಾಲರ್ 71½ ಸೆಂಟ್.

ಒಬ್ಬನ ದಿನದ ದುಡಿಮೆಗೆ ಒಂದು ಡಾಲರ್ ಅಂತ ಥೋರೋನೇ ಇನ್ನೊಂದು ಕಡೆ ಲೆಕ್ಕ ಹಿಡೀತಾನೆ. ಅಂದ್ರೆ ಒಂದು ಬೇಸಿಗೆ ಪೂರ್ತಿ, ಸೇರಿಸಿದರೆ ಏಳು ಮೈಲಿ ಆಗೋ ಸಾಲುಗಳಲ್ಲಿ ಕಳೆ ತೆಗೆದು ಉಳಿಸಿದ್ದು ಒಂಬತ್ತು ದಿನದ ಕೂಲಿಗಿಂತ ಕಡಿಮೆ. ಅದರಲ್ಲಿ ಅವನ ಸ್ವಂತ ಮೈ ಮುರಿತಕ್ಕೆ ಬೆಲೆ ಹಾಕಿಲ್ಲ. ಅದೇ ಕಾಲದಲ್ಲಿ ಊರಿನಲ್ಲಿ ಭೂಮಿ ಅಳತೆ, ಮರಗೆಲಸ, ಕೂಲಿ ಮಾಡಿ ಸಂಪಾದಿಸಿದ್ದು 13 ಡಾಲರ್ 34 ಸೆಂಟ್. ಹೊಲದ ಲಾಭಕ್ಕಿಂತ ಹೊರಗಿನ ದುಡಿಮೆ ಜಾಸ್ತಿ. ನಮ್ಮ ಎಷ್ಟು ಮನೆಗಳು ಮಗನ ಗಾರ್ಮೆಂಟ್ಸ್ ಸಂಬಳ, ಹೆಂಡತಿಯ ಅಂಗನವಾಡಿ ಸಂಬಳದ ಮೇಲೆ ಜಮೀನು ಉಳಿಸಿಕೊಂಡಿವೆ ಅಂತ ನಿಮಗೆ ಗೊತ್ತು. ಥೋರೋನದೂ ಅದೇ ಕತೆ. ಆ ಲೆಕ್ಕವನ್ನ ಅವನು ಮುಚ್ಚಿಡಲಿಲ್ಲ, ಫಾರ್ವರ್ಡ್ ಮಾಡೋರು ಮುಚ್ಚಿಟ್ಟಿದ್ದಾರೆ.

ಊಟದ ಪಟ್ಟಿ ನೋಡಿದ್ರೆ ಅಕ್ಕಿ, ಕಾಕಂಬಿ, ಹಿಟ್ಟು, ಸಕ್ಕರೆ ಎಲ್ಲಾ ದುಡ್ಡು ಕೊಟ್ಟು ತಂದದ್ದು. ಥೋರೋ ಭಗವದ್ಗೀತೆಯನ್ನ 1785ರ ಇಂಗ್ಲಿಷ್ ಅನುವಾದದಲ್ಲಿ ಓದಿ ಮೆಚ್ಚಿದವನು. ಭಾರತದ ತತ್ವ ಇಷ್ಟಪಡೋ ನಾನು ಅನ್ನ ತಿನ್ನೋದೇ ಸರಿ ಅಂತ ತಮಾಷೆ ಮಾಡ್ತಾನೆ. ಇದನ್ನ ಕೇಳಿ ನಮ್ಮವರು ಹಿಗ್ಗುತ್ತಾರೆ. ಆದ್ರೆ ಆಗಿನ ಅಮೆರಿಕದಲ್ಲಿ ಭತ್ತ ಬೆಳೀತಿದ್ದದ್ದು ಮುಖ್ಯವಾಗಿ ಸೌತ್ ಕ್ಯಾರೊಲಿನಾ, ಜಾರ್ಜಿಯಾ ಕಡೆ, ಗುಲಾಮರ ಕೈಯಿಂದ. ಗುಲಾಮಗಿರಿಯನ್ನ ಜೀವ ಇರೋವರೆಗೂ ವಿರೋಧಿಸಿದವನ ತಟ್ಟೆಗೂ ಅನ್ನ ಎಲ್ಲಿಂದ ಬಂದಿರಬಹುದು ಅಂತ ಯೋಚನೆ ಮಾಡಿ. ಯಾರ ತುತ್ತೂ ಪೂರ್ತಿ ಅವರೊಬ್ಬರದೇ ಆಗಿರಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನನಗೆ ನಿಜವಾಗಿ ಕೋಪ ಬರಿಸೋ ಜಾಗಕ್ಕೆ ಬರ್ತೀನಿ.

ಈ ಲೆಕ್ಕ ಕೊಟ್ಟ ಮೇಲೆ ಥೋರೋ ಒಂದು ಜಂಭದ ಮಾತು ಸೇರಿಸ್ತಾನೆ. ಎಲ್ಲಾ ನೋಡಿದ್ರೆ ಆ ವರ್ಷ ಕಾಂಕರ್ಡಿನ ಯಾವ ರೈತನಿಗಿಂತಲೂ ನಾನೇ ಚೆನ್ನಾಗಿ ಮಾಡಿದೆ ಅಂತ. ಸ್ವಾಮಿ, ಗೇಣಿ ಇಲ್ಲ, ಕಂದಾಯ ಇಲ್ಲ, ಹೆಂಡತಿ ಮಕ್ಕಳಿಲ್ಲ, ಸಾಕೋ ದನ ಇಲ್ಲ. ಬೆಳೆ ಹೋದರೆ ಒಂದೂವರೆ ಮೈಲಿ ದೂರದಲ್ಲಿ ಅಪ್ಪನ ಮನೆ. ಮಾರನೇ ವರ್ಷ ಅವನೇ ಎರಡೂವರೆ ಎಕರೆ ಕೈಬಿಟ್ಟು, ಎಕರೆಯ ಮೂರನೇ ಒಂದು ಭಾಗ ಮಾತ್ರ ಅಗೆದುಕೊಂಡ. ಅವನಿಗೆ ಕೈಬಿಡೋಕೆ ಆಯ್ತು. ಕಾಂಕರ್ಡಿನ ರೈತ ಕೈಬಿಟ್ಟು ಎಲ್ಲಿಗೆ ಹೋಗಬೇಕಿತ್ತು? ಆ ಊರಲ್ಲಿ ಸಾಲ ಇಲ್ಲದೆ ಜಮೀನು ಇಟ್ಟುಕೊಂಡಿರೋ ಹನ್ನೆರಡು ಜನರ ಹೆಸರೂ ಕಂದಾಯದವರಿಗೆ ತಕ್ಷಣ ಹೇಳೋಕೆ ಆಗಲಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೆದಿದ್ದಾನೆ. ರೋಗ ಸರಿಯಾಗಿ ಕಂಡಿದ್ದಾನೆ. ಆದ್ರೆ ಕಡಿಮೆ ಆಸೆಪಡಿ ಅನ್ನೋದು ಬಿಟ್ಟು ಬೇರೆ ಮದ್ದು ಅವನ ಹತ್ತಿರ ಇರಲಿಲ್ಲ.

ಇನ್ನೊಂದು ಬಿಟ್ಟುಹೋದ ಬಾಬತ್ತಿದೆ. ಬಟ್ಟೆ ಒಗೆಯೋದು, ಹೊಲಿಯೋದು ಮನೆಯ ಹೊರಗೆ ಆಗ್ತಿತ್ತು, ಅದರ ಬಿಲ್ಲು ಇನ್ನೂ ಬಂದಿಲ್ಲ ಅಂತ ಒಂದು ಸಾಲಿನಲ್ಲಿ ಮುಗಿಸ್ತಾನೆ. ಆ ಬಿಲ್ಲು ಬರಲ್ಲ. ನಮ್ಮ ಮನೆಗಳಲ್ಲೂ ಅದು ಯಾವತ್ತೂ ಬಂದಿಲ್ಲ. ಸಗಣಿ ಬಾಚಿದ್ದು, ಬುತ್ತಿ ಕಟ್ಟಿದ್ದು, ಬೀಜಕ್ಕೆ ಬೂದಿ ಕಲೆಸಿ ಗಡಿಗೆಯಲ್ಲಿಟ್ಟದ್ದು ಯಾವ ಖರ್ಚಿನ ಪುಸ್ತಕದಲ್ಲೂ ಇಲ್ಲ. ಗಂಡಸು ಸ್ವಾವಲಂಬಿ ಅನ್ನಿಸಿಕೊಳ್ಳೋದು ಬಹಳ ಸಲ ಈ ಬರದೇ ಇರೋ ಬಿಲ್ಲಿನ ಮೇಲೆ.

ನಂಬಿಕೆ ಬರದಿದ್ರೆ ಫ್ರೂಟ್‌ಲ್ಯಾಂಡ್ಸ್ ಕತೆ ಕೇಳಿ.

ಎಮರ್ಸನ್ನನ ಇನ್ನೊಬ್ಬ ಗೆಳೆಯ ಬ್ರಾನ್ಸನ್ ಆಲ್ಕಾಟ್. ಚಾರ್ಲ್ಸ್ ಲೇನ್ ಅನ್ನೋ ಇಂಗ್ಲೆಂಡಿನವನ ಜೊತೆ ಸೇರಿ 1843ರ ಜೂನ್‌ನಲ್ಲಿ ಸುಮಾರು ತೊಂಬತ್ತು ಎಕರೆಯಲ್ಲಿ ಆದರ್ಶ ಬೇಸಾಯ ಶುರುಮಾಡಿದ. ಲೇನ್ ದುಡ್ಡು ಹಾಕಿದ. ಮಾಂಸ ಇಲ್ಲ, ಹಾಲು ಇಲ್ಲ. ಪ್ರಾಣಿಗಳನ್ನ ದುಡಿಸಬಾರದು, ಸಗಣಿ ಗೊಬ್ಬರ ಹಾಕಬಾರದು. ಹತ್ತಿ ಗುಲಾಮರು ಬೆಳೆದದ್ದು, ಉಣ್ಣೆ ಕುರಿಯದು, ಹಾಗಾಗಿ ನಾರುಬಟ್ಟೆ ಮಾತ್ರ. ಬಿತ್ತಿದ್ದು ತಡ. ಗಂಡಸರಿಗೆ ಊರೂರು ತಿರುಗಿ ತತ್ವ ಹೇಳೋದೇ ಮುಖ್ಯ ಕೆಲಸ.

ಆಲ್ಕಾಟನ ಮಗಳು ಲೂಯಿಸಾಗೆ ಆಗ ಹತ್ತು ವರ್ಷ. ಮುಂದೆ 'ಲಿಟಲ್ ವಿಮೆನ್' ಬರೆದು ಹೆಸರಾದವಳು ಇವಳೇ. 1873ರಲ್ಲಿ ಈ ಅನುಭವವನ್ನೇ ಹೆಸರು ಬದಲಿಸಿ ಒಂದು ವ್ಯಂಗ್ಯದ ಕತೆ ಮಾಡಿದಳು. ಅದರಲ್ಲಿ ಕೊಯ್ದ ಪೈರು ಹೊಲದಲ್ಲಿ ಬಿದ್ದಿದೆ, ಮಳೆ ಮೋಡ ಕಟ್ಟಿದೆ, ಗಂಡಸರೆಲ್ಲ ಯಾವುದೋ ಮಹಾ ಆತ್ಮದ ಕರೆ ಬಂತು ಅಂತ ಹೊರಟುಹೋಗಿದ್ದಾರೆ. ತಾಯಿ ಮಕ್ಕಳನ್ನ ಕಟ್ಟಿಕೊಂಡು, ಬುಟ್ಟಿಯಲ್ಲಿ, ಹಾಸಿಗೆ ಬಟ್ಟೆಯಲ್ಲಿ ತುಂಬಿ ತುಂಬಿ ಕಾಳು ಒಳಗೆ ಸೇರಿಸ್ತಾಳೆ. ಕತೆ ಅಂತ ಬರೆದಳು ನಿಜ. ಆದ್ರೆ ಕಣ ಮಾಡಿದ ಯಾವ ಹೆಂಗಸಿಗೆ ಇದು ಕತೆ ಅನ್ನಿಸುತ್ತೆ? 1844ರ ಜನವರಿಗೆ ಫ್ರೂಟ್‌ಲ್ಯಾಂಡ್ಸ್ ಮುಚ್ಚಿತು. ಒಟ್ಟು ಏಳು ತಿಂಗಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ನಮ್ಮಲ್ಲಿ ಗಾದೆ ಇದೆ. ಇವರು ಆಚಾರ ಮುರಿದವರಲ್ಲ ಪಾಪ, ಬದನೆಕಾಯಿ ಬೆಳೆಯೋ ಕೆಲಸವನ್ನ ಹೆಂಗಸಿಗೆ ಬಿಟ್ಟು ಹೋದವರು.

ಥೋರೋ ಉಪದೇಶಕ್ಕೆ ಇಳಿದ ಒಂದು ಸಂದರ್ಭವೂ 'ವಾಲ್ಡನ್'ನಲ್ಲಿದೆ. ಮೀನು ಹಿಡಿಯೋಕೆ ಹೊರಟಾಗ ಮಳೆ ಹೊಡೀತು, ಜಾನ್ ಫೀಲ್ಡ್ ಅನ್ನೋ ಐರಿಷ್ ಕೂಲಿಯ ಮನೆಗೆ ನುಗ್ಗಿದ. ಸೋರೋ ಮನೆ, ಹೆಂಡತಿ, ಹಲವು ಮಕ್ಕಳು. ಫೀಲ್ಡ್ ಬೇರೆ ರೈತನ ಜೌಗು ನೆಲವನ್ನ ಎಕರೆಗೆ ಹತ್ತು ಡಾಲರಿನಂತೆ ಗುದ್ದಲಿಯಲ್ಲಿ ಅಗೆದು ಕೊಡ್ತಿದ್ದ. ಜೊತೆಗೆ ಆ ನೆಲವನ್ನ ಒಂದು ವರ್ಷ ಗೊಬ್ಬರದ ಸಮೇತ ಬಳಸಿಕೊಳ್ಳೋ ಹಕ್ಕು. ಅವನ ಸೂರಿನ ಕೆಳಗೆ ಕೂತು ಥೋರೋ ಹೇಳಿದ್ದೇನು? ಟೀ, ಕಾಫಿ, ಬೆಣ್ಣೆ, ಹಾಲು, ಮಾಂಸ ಬಿಟ್ಟುಬಿಡು, ಆಗ ಇಷ್ಟು ದುಡಿಯೋದು ಬೇಕಾಗಲ್ಲ, ನನ್ನ ಹಾಗೆ ಹಗುರವಾಗಿ ಇರಬಹುದು. ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳಂತೆ. ಆ ನೋಟದಲ್ಲಿ ಏನಿತ್ತು ಅಂತ ನಮಗೆ ಅರ್ಥ ಆಗುತ್ತೆ. ಫೀಲ್ಡಿಗೆ ಬೇಕಾಗಿದ್ದದ್ದು ಸ್ವಂತ ನೆಲ, ಇಲ್ಲವೇ ಎಕರೆಗೆ ಹತ್ತರ ಬದಲು ಹದಿನೈದು ಡಾಲರ್. ಸಿಕ್ಕಿದ್ದು ಬೆಣ್ಣೆ ಬಿಡು ಅನ್ನೋ ಉಪದೇಶ. ನೂರೆಂಬತ್ತು ವರ್ಷ ಆದರೂ ರೈತನಿಗೆ, ಕೂಲಿಯವನಿಗೆ ಸಿಗ್ತಿರೋದು ಅದೇ.

ನಿಜವಾಗಿ ಆ ಕೊಳದ ಸುತ್ತ ಯಾರ ಆಸರೆಯೂ ಇಲ್ಲದೆ ಬದುಕಿದವರು ಬೇರೆ. ಅವರ ಬಗ್ಗೆಯೂ ಥೋರೋ ಒಂದು ಅಧ್ಯಾಯ ಬರೆದಿದ್ದಾನೆ, ಫಾರ್ವರ್ಡಿನಲ್ಲಿ ಅದು ಬರೋದೇ ಇಲ್ಲ. ಬ್ರಿಸ್ಟರ್ ಫ್ರೀಮನ್, ಕಾಂಕರ್ಡಿನಲ್ಲಿ ಗುಲಾಮನಾಗಿದ್ದು ಬಿಡುಗಡೆಯಾದ ಕರಿಯ ಮನುಷ್ಯ. ಅವನು ನೆಟ್ಟ ಸೇಬಿನ ಗಿಡಗಳು ಥೋರೋನ ಕಾಲಕ್ಕೂ ಹಣ್ಣು ಬಿಡ್ತಿದ್ದವು. ಝಿಲ್ಫಾ ಅನ್ನೋ ಕರಿಯ ಹೆಂಗಸು ನೂಲು ತೆಗೆದು ಊರಿನವರಿಗೆ ಮಾರ್ತಾ ಬದುಕಿದವಳು. 1812ರ ಯುದ್ಧದ ಕಾಲದಲ್ಲಿ ಅವಳ ಮನೆಗೆ ಇಂಗ್ಲಿಷ್ ಸಿಪಾಯಿಗಳು ಬೆಂಕಿ ಇಟ್ಟರು, ಬೆಕ್ಕು, ನಾಯಿ, ಕೋಳಿ ಎಲ್ಲಾ ಸುಟ್ಟುಹೋದವು. ಇವರು ಆ ಮರಳು ನೆಲಕ್ಕೆ ತತ್ವ ಹುಡುಕಿಕೊಂಡು ಬರಲಿಲ್ಲ. ಒಳ್ಳೆ ನೆಲದಲ್ಲಿ ಇವರಿಗೆ ಜಾಗ ಇರಲಿಲ್ಲ. ಥೋರೋ ಬರೋ ಹೊತ್ತಿಗೆ ಉಳಿದದ್ದು ಹಳ್ಳಬಿದ್ದ ನೆಲಮಾಳಿಗೆ ಗುರುತು, ಸೇಬಿನ ಗಿಡ. ಪಕ್ಕದ ಕಾಂಕರ್ಡ್ ಉಳಿದು ಈ ಸಣ್ಣ ಹಟ್ಟಿ ಯಾಕೆ ಅಳಿಯಿತು ಅಂತ ಅವನು ಕೇಳಿಕೊಳ್ತಾನೆ. ಉತ್ತರ ಹೇಳೋಕೆ ತತ್ವಜ್ಞಾನಿ ಬೇಕಾಗಿಲ್ಲ. ಕಾಂಕರ್ಡಿನವರಿಗೆ ಒಬ್ಬರಿಗೊಬ್ಬರು ಇದ್ದರು, ಒಳ್ಳೆ ನೆಲ ಇತ್ತು, ಮಾತು ನಡೀತಿತ್ತು. ಇವರು ಒಬ್ಬೊಬ್ಬರೇ ಇದ್ದರು.

ಇಷ್ಟು ಓದಿ, ಓಹೋ ಥೋರೋ ಢೋಂಗಿ ಅಂತ ಕೆಲವರು ನಗಬಹುದು. ಅಮ್ಮನ ಮನೆ ಊಟ ತಿಂದು ವೈರಾಗ್ಯ ಬರೆದವನು ಅಂತ ಅಲ್ಲಿಯೂ ನಗೋರು ಬಹಳ ಇದ್ದಾರೆ. ನಾನು ಅವರ ಜೊತೆಗೂ ಇಲ್ಲ. ಢೋಂಗಿ ಆಗಿದ್ದರೆ ಕುದುರೆ ಬಾಡಿಗೆ, ಎರಡು ಸೆಂಟಿನ ದಾರ, ಕೈಗಡದ ಕೊಡಲಿ, ಬಿಲ್ಲು ಬರದ ಒಗೆತ ಇದನ್ನೆಲ್ಲ ಯಾಕೆ ಬರೀತಿದ್ದ? ಇವತ್ತು ಅವನ ವಿರುದ್ಧ ಹೇಳೋಕೆ ನಮಗೆ ಇರೋ ಸಾಕ್ಷಿಯಲ್ಲಿ ಹೆಚ್ಚಿನದನ್ನ ಕೊಟ್ಟವನು ಅವನೇ. ಗುಲಾಮಗಿರಿಯನ್ನ ಕಾಪಾಡೋ, ಮೆಕ್ಸಿಕೋ ಮೇಲೆ ಯುದ್ಧಕ್ಕೆ ಹೋಗೋ ಸರ್ಕಾರಕ್ಕೆ ತೆರಿಗೆ ಕೊಡಲ್ಲ ಅಂತ 1846ರ ಜುಲೈನಲ್ಲಿ ಒಂದು ರಾತ್ರಿ ಜೈಲಿನಲ್ಲೂ ಕಳೆದ. ಅದರ ಮೇಲೆ ಬರೆದ ಪ್ರಬಂಧವನ್ನ ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಓದಿ, 1907ರಲ್ಲಿ ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಅದರ ಸಾರ ಪ್ರಕಟಿಸಿದರು. ಗಾಂಧೀಜಿ ಅದನ್ನ ಓದಿ ಗುಡಿಸಲಲ್ಲಿ ಒಬ್ಬರೇ ಕೂರಲಿಲ್ಲ, ಜನರನ್ನ ಕಟ್ಟಿಕೊಂಡು ಬೀದಿಗೆ ಇಳಿದರು. ಬೆಲೆ ಕೇಳಿ ರಸ್ತೆಗೆ ಇಳಿಯಬೇಡಿ ಅನ್ನೋರು ಥೋರೋ ಹೆಸರು ಹೇಳೋ ಮುಂಚೆ ಈ ಸಂಗತಿ ಗಮನಿಸಲಿ.

ರೈತರಿಗೆ ಉಪಯೋಗಕ್ಕೆ ಬರೋ ಥೋರೋ ಬೇರೆಯೇ ಒಬ್ಬ ಇದ್ದಾನೆ. 1860ರ ಸೆಪ್ಟೆಂಬರ್‌ನಲ್ಲಿ ಕಾಂಕರ್ಡಿನ ಜಾನುವಾರು ಜಾತ್ರೆಯಲ್ಲಿ ರೈತರ ಮುಂದೆ ನಿಂತು ಅವನು ಒಂದು ಭಾಷಣ ಮಾಡಿದ. ಪೈನ್ ಮರ ಕಡಿದರೆ ಅಲ್ಲಿ ಓಕ್ ಯಾಕೆ ಏಳುತ್ತೆ ಅನ್ನೋದು ವಿಷಯ. ಬೀಜ ಇಲ್ಲದೆ ತಾನಾಗೇ ಹುಟ್ಟುತ್ತೆ ಅನ್ನೋ ಮಾತು ಆಗಿನ್ನೂ ಚಾಲ್ತಿಯಲ್ಲಿತ್ತು. ಥೋರೋ ವರ್ಷಗಟ್ಟಲೆ ತಿರುಗಿ, ಅಗೆದು, ಎಣಿಸಿ ನೋಡಿ ಹೇಳಿದ: ಪೈನ್ ಬೀಜವನ್ನ ಗಾಳಿ ತರುತ್ತೆ, ಓಕ್ ಬೀಜವನ್ನ ಅಳಿಲು, ಜೇ ಹಕ್ಕಿ ಒಯ್ದು ಹೂಳುತ್ತವೆ. ಪೈನ್ ನೆರಳಲ್ಲಿ ಓಕ್ ಸಸಿ ಮೊದಲೇ ಕಾದಿರುತ್ತೆ, ಬಿಸಿಲು ಸಿಕ್ಕಿದ ಕೂಡಲೇ ಮೇಲೇಳುತ್ತೆ. ತನ್ನ ಊರಿನ ಗಿಡಗಳು ಯಾವ ದಿನ ಹೂ ಬಿಟ್ಟವು ಅಂತ 1850ರ ದಶಕದಲ್ಲಿ ಅವನು ಬರೆದಿಟ್ಟ ಪಟ್ಟಿಯನ್ನ ಬಾಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಕಾಲದ ಹೂಬಿಡುವ ದಿನಗಳ ಜೊತೆ ಇಟ್ಟು ನೋಡಿದ್ದಾರೆ. ಬಿಸಿ ಏರಿದ ಹಾಗೆ ಹಲವು ಗಿಡಗಳು ಮುಂಚೆಯೇ ಹೂ ಬಿಡ್ತಿವೆ ಅಂತ ಅದರಿಂದ ತಿಳೀತು.

ಎಮರ್ಸನ್ ಹೇಳಿದ ಸ್ವಂತ ಬುದ್ಧಿ ಹೊಲಕ್ಕೆ ಬಂದಾಗ ಹೀಗಿರುತ್ತೆ. ಅಂಗಡಿಯವನು ಹೇಳಿದ ಅಂತ ಔಷಧಿ ಹೊಡೆಯೋ ಬದಲು ಎಲೆ ತಿರುವಿ ನೋಡೋದು. ಮಳೆ ಬಿದ್ದ ದಿನ, ಮಾವು ಹೂ ಬಿಟ್ಟ ದಿನ, ಕೂಲಿ ಕೊಟ್ಟದ್ದು, ಬಾಡಿಗೆ ಕೊಟ್ಟದ್ದು ಎಲ್ಲಾ ಬರೆದಿಡೋದು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತ ಹಿರಿಯರು ಹೇಳಿದ್ದೂ ಕಣ್ಣಿಟ್ಟು ಮಾಡೋ ಕೆಲಸದ ಬಗ್ಗೆ. ಆ ಹಿರಿಯರೇ ಮುಯ್ಯಾಳು ಕಟ್ಟಿ ನಾಟಿ ಮಾಡಿದವರು, ಕೆರೆಯ ಹೂಳನ್ನ ಊರೆಲ್ಲ ಸೇರಿ ಎತ್ತಿದವರು. ಎರಡೂ ಒಂದೇ ಮನುಷ್ಯನಲ್ಲಿ ಇರುತ್ತೆ.

ಈ ಗಾಳಿಮಾತಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಕಾರಣ ಇದೆ. ಸ್ವಾವಲಂಬಿ ಆಗು ಅಂತ ದಿನಾ ಕೇಳಿಸಿಕೊಳ್ಳೋ ರೈತ, ಬೋರು ಬತ್ತಿದ ದಿನ, ರೇಟು ಬಿದ್ದ ದಿನ, ತಪ್ಪು ತನ್ನದೇ ಅಂದುಕೊಳ್ತಾನೆ. ಸಾಲದ ವಿಷಯ ಅಣ್ಣತಮ್ಮಂದಿರಿಗೂ ಹೇಳಲ್ಲ, ನಾಚಿಕೆ. ಸಂಘದ ಸಭೆ ತಪ್ಪಿಸ್ತಾನೆ. ಒಳಗೊಳಗೇ ಬೇಯ್ತಾನೆ. ಆ ಬೇಗೆ ಎಲ್ಲಿ ಮುಟ್ಟುತ್ತೆ ಅಂತ ನಮ್ಮ ಸುತ್ತಮುತ್ತ ನಾವು ನೋಡಿದ್ದೀವಿ, ಇಲ್ಲಿ ಬರೆಯೋದು ಬೇಡ. ಬೆಲೆ, ನೀರು, ವಿಮೆ, ಗೇಣಿ ಇವುಗಳಿಗೆ ಹತ್ತು ಜನ ಸೇರಿ ಉತ್ತರ ಕೇಳಬೇಕಾದ ಕಡೆ, ಒಬ್ಬೊಬ್ಬನನ್ನೂ ಅವನವನ ಹೊಲದಲ್ಲಿ ಒಂಟಿ ನಿಲ್ಲಿಸೋ ಉಪದೇಶ ಇದು. ಯಾರಿಗೆ ಅನುಕೂಲ ಅಂತ ನೀವೇ ಲೆಕ್ಕ ಹಾಕಿ.

ಹಾಗಾಗಿ ಇನ್ನು ಮೇಲೆ ಯಾರಾದರೂ ಮೈಕಿನ ಮುಂದೆ ಸ್ವಾವಲಂಬನೆ ಅಂದ್ರೆ, ಮರ್ಯಾದೆಯಿಂದ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಜಮೀನು ಯಾರದು? ಮನೆಯ ಕೆಲಸ ಯಾರು ಮಾಡ್ತಾರೆ, ಅದಕ್ಕೆ ಎಷ್ಟು ಬರೆದಿದ್ದೀರಿ? ಬೆಳೆ ಹೋದ ವರ್ಷ ಅಕ್ಕಿಬೇಳೆಗೆ ದುಡ್ಡು ಎಲ್ಲಿಂದ ಬಂತು? ಥೋರೋ ಈ ಮೂರಕ್ಕೂ ಪೂರ್ತಿ ಅಲ್ಲದಿದ್ರೂ ಬಹುಪಾಲು ಉತ್ತರ ಅಚ್ಚು ಹಾಕಿಸಿದ್ದಾನೆ. ಅವನ ಹೆಸರು ಬಳಸೋರು ಅಷ್ಟಾದರೂ ಮಾಡಲಿ.

ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಲಿ. ಈ ಮುಂಗಾರಿನಲ್ಲಿ ಒಂದು ಎಕರೆಗಾದರೂ ಥೋರೋನ ಹಾಗೆ ಪೂರ್ತಿ ಲೆಕ್ಕ ಬರೆಯಿರಿ. ಅವನು ಬಿಟ್ಟದ್ದನ್ನೂ ಸೇರಿಸಿ: ನಿಮ್ಮ ಕೂಲಿ, ಹೆಂಡತಿಯ ಕೂಲಿ, ಅಪ್ಪ ಅಮ್ಮನ ಕೂಲಿ, ಮುಯ್ಯಾಳು ಬಂದವರ ದಿನ. ಸುಗ್ಗಿ ಮುಗಿದ ಮೇಲೆ ಎಲ್ಲರ ಪುಸ್ತಕ ಒಂದು ಕಡೆ ತಂದು ಕೂತು ನೋಡೋಣ. ಒಬ್ಬನ ಲೆಕ್ಕ ತೋರಿಸಿದ್ರೆ ಸೋಮಾರಿ ಅಂತಾರೆ. ನೂರು ಜನರ ಲೆಕ್ಕ ಮೇಜಿನ ಮೇಲಿಟ್ಟರೆ ಉತ್ತರ ಕೊಡಲೇಬೇಕಾಗುತ್ತೆ.

ಒಪ್ಪದೇ ಇರೋರು ಬರೀರಿ, ಜಗಳ ಆಡೋಣ. ಆದ್ರೆ ಲೆಕ್ಕ ಕೈಯಲ್ಲಿ ಹಿಡಿದುಕೊಂಡು ಬನ್ನಿ.